ಗೆಡ್ಡೆಯ ತೂತು ನಮ್ಮದು

ಪಾತ್ರೆಯೊಳಗಿನ ದ್ರವ ಕೊತಕೊತ ಕುದಿಯುತ್ತಿತ್ತು, ಹೊಗೆ ಮೇಜಿನ ಮೇಲೆಲ್ಲ ಹರಿಯುತ್ತಿತ್ತು. ಮುಟ್ಟಿದರೆ ಸುಡುತ್ತದೆ, ಆದರೆ ಚಳಿಯಿಂದ! ರಾಯಚೂರಿನ ಬಿಸಿಲಲ್ಲಿ ಬೆಳೆದ ನನಗೆ ಊಟಿಯ ಪ್ರಯೋಗಾಲಯದ ಮೊದಲ ದಿನವೇ ತಲೆ ತಿರುಗಿತು.

ತರಕಾರಿಯ ಹಸಿ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇಲ್ಲಿ ನನ್ನ ಕೆಲಸ. ಅದರೊಳಗೆ ಗಾಳಿಯಿಲ್ಲ. ಹಸಿ ಚೂರನ್ನು ಹಾಗೇ ಇಟ್ಟರೆ ನೀರು ಹಾರಿ ಕೋಶ ಮುದುಡುತ್ತದೆ. ಆದ್ದರಿಂದ ಆ ಪಾತ್ರೆಯ ದ್ರವ ಸಾರಜನಕದಲ್ಲಿ ಅದ್ದಿ ಥಟ್ಟನೆ ಹೆಪ್ಪುಗಟ್ಟಿಸಬೇಕು. ನಿಧಾನವಾದರೆ ಒಳಗಿನ ನೀರು ದೊಡ್ಡ ಹರಳಾಗಿ ಕೋಶವನ್ನೇ ಹರಿದುಬಿಡುತ್ತದೆ.

ನಮ್ಮಲ್ಲಿ ಚಳಿಗಾಲವೆಂದರೆ ಒಂದು ಹೊದಿಕೆ ಹೆಚ್ಚು, ಅಷ್ಟೇ. ಇಲ್ಲಿ ಒಗೆದ ಬಟ್ಟೆ ಒಣಗದು, ರೊಟ್ಟಿಗೆ ಜೋಳದ ಹಿಟ್ಟು ಸಿಗದು, ತಮಿಳು ಬಾರದವಳಿಗೆ ಮನೆಯಂತೂ ಸಿಗದು. ಕೊನೆಗೆ ತಮ್ಮ ಮನೆಯಲ್ಲೇ ಕೋಣೆ ಕೊಟ್ಟವರು ಊಟಿ ಪಕ್ಕದ ನಂಜನಾಡಿನ ಮಾದೇವಕ್ಕ. ಅವರ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಆಲೂಗಡ್ಡೆ ಹಾಕಿದವರು.

ಈ ಚಳಿಗಾಲದಲ್ಲಿ ‘ಉರೈಪನಿ’ ಬಿತ್ತು. ನೆಲದ ಮೇಲೆ ಹಿಮ ಕೂತು ಗಿಡವೆಲ್ಲ ಕರಕಲಾಗುವುದಕ್ಕೆ ಇಲ್ಲಿನವರ ಹೆಸರು ಅದು. ಮಾದೇವಕ್ಕನ ಬಿತ್ತನೆ ಗೆಡ್ಡೆ ಕೊಳ್ಳಬೇಕಿದ್ದ ವ್ಯಾಪಾರಿ, ಗೆಡ್ಡೆಗೂ ಪೆಟ್ಟಾಗಿದೆಯೋ ನೋಡಿ ಎಂದು ಒಂದಷ್ಟನ್ನು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ. ನಾನು ರಜೆಯಲ್ಲಿದ್ದೆ. ಕೊಯಮತ್ತೂರಿನಿಂದ ಸಾರಜನಕದ ಕ್ಯಾನು ಇನ್ನೂ ಘಾಟಿ ಹತ್ತಿರಲಿಲ್ಲ. ನಮ್ಮ ಮೇಲಧಿಕಾರಿ ಮಹಾಶಯರು ಚೂರುಗಳನ್ನು ನಿಧಾನವಾಗಿ ಹೆಪ್ಪುಗಟ್ಟಿಸುವ ಮಾಮೂಲಿ ಫ್ರೀಜರಿಗೆ ತುರುಕಿದರು. ಆಮೇಲೆ ಚಿತ್ರ ತೆಗೆದು, ಕೋಶಗಳಲ್ಲಿ ತೂತು ಕಂಡು, ‘ಉರೈಪನಿ ಹೊಡೆದಿದೆ’ ಎಂದು ವ್ಯಾಪಾರಿಗೆ ಫೋನಿನಲ್ಲಿ ಹೇಳಿಯೂಬಿಟ್ಟರು.

ರಜೆ ಮುಗಿಸಿ ಬಂದವಳಿಗೆ ಇದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು. ಕ್ಯಾನು ಬಂದೊಡನೆ ಅದೇ ಗೆಡ್ಡೆಗಳಿಂದ ಹೊಸ ಚೂರು ಕತ್ತರಿಸಿ, ಸಾರಜನಕದಲ್ಲಿ ಅದ್ದಿ ಚಿತ್ರ ತೆಗೆದೆ. ಒಂದು ಕೋಶವೂ ಹರಿದಿರಲಿಲ್ಲ.

“ಸರ್, ತೂತು ಮಾಡಿದ್ದು ಹಿಮ ಅಲ್ಲ, ನಮ್ಮ ಫ್ರೀಜರು,” ಎಂದೆ.

“ಪರವಾಯಿಲ್ಲಮ್ಮಾ, ಆಲೂಗಡ್ಡೆ ತಾನೇ! ಈಗ ಮಾತು ಬದಲಿಸಿದ್ರೆ ನಮ್ಮನ್ನ ಯಾರು ನಂಬ್ತಾರೆ?”

ಎಂಥ ಮಾತು! ನಾನೇ ವ್ಯಾಪಾರಿಗೆ ಫೋನ್ ಮಾಡಿದೆ. ಅವನು ಆಗಲೇ ಬೇರೆಯವರ ಹತ್ತಿರ ಕೊಂಡಾಗಿತ್ತು. ಬಿತ್ತನೆಗೆಂದೇ ಜೋಪಾನ ಮಾಡಿದ ಗೆಡ್ಡೆ ತರಕಾರಿ ಮಂಡಿಯಲ್ಲಿ ಅಗ್ಗಕ್ಕೆ ಹೋಗಿ ಸಾಂಬಾರಿನ ಪಾಲಾಯಿತು.

ಹೊಸ ಚಿತ್ರವನ್ನು ಮಾದೇವಕ್ಕನ ಮುಂದೆ ಹಿಡಿದೆ. “ನೋಡಿ ಅಕ್ಕ, ನಿಮ್ಮ ಗೆಡ್ಡೆ ಚೆನ್ನಾಗೇ ಇತ್ತು.”

“ಅದ ನಂಗ್ಯಾಕವ್ವ ತೋರ್ಸೀಯೆ? ನಂ ಗೆಡ್ಡೆ ಚೆಂದಾಗಿತ್ತು ಅಂತ ನಂಗೊತ್ತಿಲ್ವಾ? ನಿಮ್ಮ ಆಪೀಸ್ನೋರ್ಗೆ ತೋರ್ಸೋಗು.”

ರಾಯಚೂರಿಗೆ ಹೋದರೆ ‘ಊಟಿಯವಳು ಬಂದಳು’ ಎನ್ನುತ್ತಾರೆ. ಇಲ್ಲಿ ನಾನು ಆ ಆಫೀಸಿನವಳು. ಮೇಲಧಿಕಾರಿಯ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಮಾದೇವಕ್ಕ ಬಯ್ಯುವಾಗ ನನ್ನನ್ನೂ ಆಫೀಸಿನವರ ಜೊತೆ ಸೇರಿಸಿಯೇ ಬಯ್ಯುತ್ತಾರೆ, ನನ್ನ ಕೋಣೆಯಲ್ಲಿ ಗೋಡೆಯ ಈಚೆ ಕೂತು ಕೇಳಿಸಿಕೊಳ್ಳುತ್ತೇನೆ.