ಬಾಗಿಲ ಹೊರಗಿನ ಬೂಟು

ನನ್ನದು ಏಳು ನಂಬರಿನ ಪಾದ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಕಳೆದ ವರ್ಷ, ಅಂದರೆ 1990ರಲ್ಲಿ, ಕುವೈತಿನಲ್ಲಿ ಒಬ್ಬ ಮನುಷ್ಯನ ಹಣೆಬರಹ ಈ ಪಾದದ ಮೇಲೆ ನಿಂತಿತ್ತು.

ಇರಾಕಿ ಸೇನೆ ಬಂದು ತಿಂಗಳಾಗಿತ್ತು. ಭಾರತೀಯರಾದ ನಮ್ಮ ಗೊಡವೆಗೆ ಸೈನಿಕರು ಅಷ್ಟಾಗಿ ಬರುತ್ತಿರಲಿಲ್ಲ. ಯುರೋಪಿನವರನ್ನು ಮಾತ್ರ ಹುಡುಕಿ ಹಿಡಿದು ಬಾಗ್ದಾದಿಗೆ ಒಯ್ಯುತ್ತಿದ್ದರು. ಅವರಿಗಿಟ್ಟ ಹೆಸರು ‘ಅತಿಥಿಗಳು’. (ನಮ್ಮ ಮನೆಗೂ ಅತಿಥಿಗಳು ಬರುತ್ತಾರೆ. ಹಿಡಿದು ತರಬೇಕಾಗಿಲ್ಲ, ಅಷ್ಟೇ.)

ನಮ್ಮ ಕಂಪನಿಯ ಎಂಜಿನಿಯರ್, ಇಟಲಿಯ ಜಿಯಾನಿ, ಒಂದು ಸಂಜೆ ರಿಗ್ಗೈ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದ. ಬಚ್ಚಿಟ್ಟುಕೊಳ್ಳಲು ಜಾಗ ಬೇಕಿತ್ತು. ಅವನಪ್ಪ ಲಂಡನ್ನಿನಲ್ಲಿ ಐಸ್‌ಕ್ರೀಮ್ ಮಾರುತ್ತಿದ್ದನಂತೆ. ಎರಡನೇ ಮಹಾಯುದ್ಧಕ್ಕೆ ಇಟಲಿ ಇಳಿದದ್ದೇ ತಡ, ‘ಶತ್ರು ದೇಶದವನು’ ಎಂದು ಪೊಲೀಸರು ಅವನನ್ನು ಒಯ್ದು ಕ್ಯಾಂಪಿನಲ್ಲಿ ಕೂಡಿಹಾಕಿದರಂತೆ. ಹಿಡಿಯಲು ಬಂದ ಪೊಲೀಸ್ ಅದೇ ವಾರ ಅವನ ಹತ್ತಿರ ಐಸ್‌ಕ್ರೀಮ್ ತಿಂದಿದ್ದ.

“ನಮ್ಮ ಮನೆತನಕ್ಕೆ ಇದು ರೂಢಿ ಬಿಡು,” ಅಂದ ಜಿಯಾನಿ.

ನನಗೆ ರೂಢಿ ಇರಲಿಲ್ಲ. ನಾನೋ ಮೊದಲೇ ಅಂಜುಬುರುಕ. ಕಿಟಕಿಗೆಲ್ಲ ಹೆಂಡತಿಯ ಸೀರೆ ಕಟ್ಟಿದೆ. ಜಿಯಾನಿಗೆ ರೂಲ್ಸ್ ಮಾಡಿದೆ: ಕೆಮ್ಮಬಾರದು, ಹಾಡಬಾರದು, ಸೀನು ಬಂದರೆ ದಿಂಬಿನೊಳಗೆ ಸೀನಬೇಕು. ಇಷ್ಟೆಲ್ಲ ಯೋಚಿಸಿದವನು ಒಂದನ್ನು ಮರೆತೆ.

ಐದನೇ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಇರಾಕಿ ಸೈನಿಕ. ನನ್ನದೇ ವಯಸ್ಸು, ಕಾಲಲ್ಲಿ ಹರಿದ ಚಪ್ಪಲಿ. ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ. ಹೊರಗೆ ನಮ್ಮ ಚಪ್ಪಲಿಗಳ ಸಾಲಿನಲ್ಲಿ ದೋಣಿಯಂಥ ಎರಡು ಬೂಟು. ಜಿಯಾನಿಯವು. ಬಂದ ದಿನದಿಂದ ಅಲ್ಲೇ ಇದ್ದವು.

“ಹೊರಗ ಬಿಡ್ರಿ ಅಂತ ನಾನ ಹೇಳಿದ್ದೆ ಅವರಿಗೆ,” ಹೆಂಡತಿ ಹಿಂದಿನಿಂದ ಪಿಸುಗುಟ್ಟಿದಳು. “ಒಳಗ ದೇವರ ಜಗಲಿ ಐತಲ್ರಿ.”

ನಿಜ. ಯುದ್ಧ ಬಂತೆಂದು ಮನೆಯೊಳಗೆ ಬೂಟು ಬಿಟ್ಟುಕೊಳ್ಳಲಾದೀತೆ?

“ಯಾರದು?” ಸೈನಿಕ ಅರಬ್ಬಿಯಲ್ಲಿ ಕೇಳಿದ.

“ನನ್ನದು.”

“ಹಾಕು.”

ಹಾಕಿಕೊಂಡೆ. ನಡೆ ಅಂದ. ನಾನು ಮುಂದೆ ಹೋದೆ, ಬೂಟು ಹಿಂದೆಯೇ ಉಳಿಯಿತು. ಅದೇ ಹೊತ್ತಿಗೆ ಬೆಡ್‌ರೂಮಿನಲ್ಲಿ ದಿಂಬಿನೊಳಗೊಂದು ಸೀನು.

“ನಮ್ಮತ್ತಿಯವರಿಗೆ ನೆಗಡಿ ಆಗೇತಿ,” ಎಂದು ಹೆಂಡತಿ ಆ ಇರಾಕಿಗೆ ಶುದ್ಧ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದಳು. (ನನ್ನ ತಾಯಿ ತೀರಿಕೊಂಡು ಹತ್ತು ವರ್ಷ.)

ಸೈನಿಕ ನನ್ನ ಕಾಲು ನೋಡಿದ. ಬೆಡ್‌ರೂಮಿನ ಬಾಗಿಲು ನೋಡಿದ. ಆಮೇಲೆ ಬೂಟನ್ನು ತಾನೇ ಹಾಕಿಕೊಂಡ. ಅವನಿಗೂ ಸಡಿಲವೇ. “ಖಲಾಸ್,” ಎಂದು ಟಪಟಪ ಸದ್ದು ಮಾಡುತ್ತ ಮೆಟ್ಟಿಲಿಳಿದ.

ಎಲ್ಲ ‘ಅತಿಥಿ’ಗಳನ್ನೂ ಬಿಟ್ಟದ್ದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ನಾವೂ ಊರಿಗೆ ಹೊರಡಲಿಲ್ಲ. ಇಟಲಿಯವನನ್ನು ಯಾರ ಕೈಗೆ ಕೊಟ್ಟು ಬರುವುದು? ಜಿಯಾನಿ ನನ್ನ ಹವಾಯಿ ಚಪ್ಪಲಿಯಲ್ಲಿ, ಹಿಮ್ಮಡಿ ಹೊರಗೆ ಚಾಚಿಕೊಂಡೇ, ವಿಮಾನ ಹತ್ತಿದ.

ಈಗ ಹುಬ್ಬಳ್ಳಿಯಲ್ಲಿ ಕೂತು ಚಿಂತಿಸಲು ನನಗೊಂದೇ ಉಳಿದಿದೆ: ಆ ಸೈನಿಕನಿಗೆ ಬೂಟು ಬೇಕಾಗಿತ್ತೋ, ಇಟಲಿಯವನು ಬೇಡವಾಗಿದ್ದನೋ?