ಮಿನಿಟ್ಸಿನಲ್ಲಿ ಒಣಸಿಗಡಿ

ಮಂಗಳೂರು ಕಂಕನಾಡಿಯ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್ ಮಿನಿಟ್ಸಿನಲ್ಲಿ ಯಾರ ಹೆಸರೂ ಇರುವುದಿಲ್ಲ, ಫ್ಲ್ಯಾಟ್ ನಂಬರೂ ಇರುವುದಿಲ್ಲ. ಹಿಂದೆ ಇರುತ್ತಿತ್ತು. ಒಬ್ಬರ ನಾಯಿಯ ಬಗ್ಗೆ ಇನ್ನೊಬ್ಬರು ಆಡಿದ ಮಾತು ಹೆಸರು ಸಮೇತ ಇಂಗ್ಲಿಷಿನಲ್ಲಿ ದಾಖಲಾಗಿ, ವಾಟ್ಸಾಪಿನಲ್ಲಿ ಮಸ್ಕತ್‌ವರೆಗೂ ಹೋಗಿ, ಎರಡು ಮನೆಯವರು ಲಿಫ್ಟಿನಲ್ಲಿ ಬೆನ್ನು ತಿರುಗಿಸಿ ನಿಲ್ಲುವ ಹಾಗಾಯಿತು. ಅಂದಿನಿಂದ ಹೆಸರು ಬೇಡ ಎಂದು ನಿರ್ಣಯವಾಯಿತು. ಆದರೆ ಮಾತು ಯಾರದೆಂದೇ ತಿಳಿಯದಿದ್ದರೆ ಪರದೇಶದಲ್ಲಿರುವ ಮಾಲೀಕರಿಗೆ ತಲೆಬುಡ ಅರ್ಥವಾಗದು. ಅದಕ್ಕೊಂದು ಉಪಾಯ ಮಾಡಿಕೊಂಡರು: ಮಾತಾಡಿದವರನ್ನು ಅವರಿಗೆ ಮಾತ್ರ ಸೇರಿದ ಒಂದು ಸಂಗತಿಯಿಂದ ಗುರುತಿಸಿ, ಆಮೇಲೆ ಅವರು ಹೇಳಿದ್ದನ್ನು ಬರೆಯುವುದು. ಪುಟ್ಟ ಮಗುವಿರುವ ಸದಸ್ಯೆ ಪಂಪಿನ ಸದ್ದು ಜೋರಾಯಿತೆಂದು ಹೇಳಿದರು, ಪ್ರತಿ ಗುರುವಾರ ಬಿಕರ್ನಕಟ್ಟೆಯ ಇಗರ್ಜಿಗೆ ಹೋಗುವ ಸದಸ್ಯೆ ಗೇಟು ಬೇಗ ತೆರೆಯಬೇಕೆಂದು ಕೇಳಿದರು, ಹೀಗೆ.

ಇದನ್ನು ಇಂಗ್ಲಿಷಿನಲ್ಲಿ ಬರೆಯುವುದು ನಮ್ಮವರಿಗೆ ಕಬ್ಬಿಣದ ಕಡಲೆ. ಕನ್ನಡದಲ್ಲಿ ವಿವರವೆಲ್ಲ ಮೊದಲು ಬಂದು ಮನುಷ್ಯ ಕೊನೆಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಮನುಷ್ಯನನ್ನು ಮೊದಲು ನಿಲ್ಲಿಸಿ, ಅವನ ಹಿಂದೆ ವಿವರದ ಬಾಲ ಕಟ್ಟಬೇಕು. ಬಾಲ ಉದ್ದವಾದರೆ ಅವನು ಹೇಳಿದ್ದೇನು ಎಂಬುದೇ ಮರೆತುಹೋಗುತ್ತದೆ. ವಾಮಂಜೂರಿನ ಶಾಲೆಯೊಂದರಲ್ಲಿ ನಾನು ಒಂಬತ್ತನೇ ಕ್ಲಾಸಿಗೆ ಇದನ್ನೇ ಕಲಿಸುವವಳು ಎಂದು ಗೊತ್ತಾದದ್ದೇ ತಡ, ಕಾರ್ಯದರ್ಶಿಯ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನೂ ಬೇಡ ಎನ್ನಲಿಲ್ಲ. ಮೀನುಗಾರರ ಮನೆಯ ಹುಡುಗಿ ಬರೆದ ಇಂಗ್ಲಿಷನ್ನು ಡಾಕ್ಟರರೂ ಬ್ಯಾಂಕಿನವರೂ ತಲೆಯಾಡಿಸಿ ಒಪ್ಪುವುದನ್ನು ನೋಡುವುದು ಸಣ್ಣ ಸುಖವಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಇರಲು ಬಂದಿದ್ದಳು. ಬದುಕಿಡೀ ಕಡಲ ಬದಿಯಲ್ಲಿ ಗಂಟಲು ಬಿಟ್ಟು ಕೂಗಿ ಮೀನು ಮಾರಿದವಳು ಮೂರನೇ ಮಹಡಿಯಲ್ಲಿ ಮೂಕಿಯಾದಳು. ಟಿವಿ ಹಾಕಿಕೊಟ್ಟರೆ ಅದನ್ನು ಬಿಟ್ಟು ಗೋಡೆ ನೋಡುತ್ತಿದ್ದಳು. ಒಂದು ಏಪ್ರಿಲಿನಲ್ಲಿ ಸೋದರಮಾವ ಬಂದರಿನಿಂದ ಒಂದು ಬುಟ್ಟಿ ಸಿಗಡಿ, ಒಂದು ಬುಟ್ಟಿ ನಂಗ್ ಮೀನು ತಂದಿಳಿಸಿದರು. ದೋಣಿ ಕಡಲಿಗಿಳಿಯದ ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಮೀನು ಒಣಗಿಸಿಡುವುದು ನಮ್ಮಲ್ಲಿ ಹಪ್ಪಳ ಮಾಡಿಡುವಷ್ಟೇ ಸಹಜ. ಅಮ್ಮ ಟೆರೇಸಿನಲ್ಲಿ ಹಳೆ ಸೀರೆ ಹಾಸಿ, ಉಪ್ಪು ಹಾಕಿದ ಮೀನು ಹರವಿ, ಕೋಲು ಹಿಡಿದು ಕಾಗೆ ಓಡಿಸುತ್ತ ಕುಳಿತಳು. ಬಟ್ಟೆ ಒಣಗಿಸಲು ಬಂದ ಹೆಂಗಸರೆಲ್ಲ ಅವಳ ಸುತ್ತ ಕುಳಿತರು. ಸಂಜೆ ಕೆಳಗಿಳಿದಾಗ ಅವಳ ಬಳಿ ಇಡೀ ಕಟ್ಟಡದ ಸುದ್ದಿಯಿತ್ತು. ನನಗೆ ನನ್ನ ಅಮ್ಮ ವಾಪಸು ಸಿಕ್ಕಿದಳು.

ಮರುವರ್ಷ, ಅಮ್ಮ ಸೀರೆ ಹಾಸಿದ ಮೂರನೆಯ ದಿನವೇ, ಏಪ್ರಿಲ್ ಮೀಟಿಂಗಿನಲ್ಲಿ ನಮ್ಮ ಅಧ್ಯಕ್ಷರು ಎದ್ದು ನಿಂತರು. ಗಲ್ಫಿನಲ್ಲಿ ದುಡಿದು ಬಂದ ಕ್ರೈಸ್ತ ಹಿರಿಯರು, ಕ್ರಿಸ್‌ಮಸ್ ಬಂದರೆ ಮನೆಮನೆಗೂ ಕುಸ್ವಾರಿನ ತಿಂಡಿಗಳ ತಟ್ಟೆ ಕಳಿಸುವವರು. ಅವರ ತಲೆಗೆ ಅದ್ಯಾವ ಹುಳ ಹೊಕ್ಕಿತೋ, ಟೆರೇಸಿನ ಒಣಮೀನಿನ ವಾಸನೆ ತಡೆಯಲಾಗುವುದಿಲ್ಲ, ಮರ್ಯಾದಸ್ಥರ ಕಟ್ಟಡದಲ್ಲಿ ಇಂಥದ್ದು ನಡೆಯಬಾರದು, ನಿಷೇಧಿಸೋಣ ಎಂದರು. ಎದುರು ಮನೆಯಾಕೆ ದನಿಗೂಡಿಸಿ, ಮೀನಿನ ದೆಸೆಯಿಂದ ಕಾಗೆ ಕಾಟ ಹೆಚ್ಚಾಗಿದೆ ಎಂದರು. ಅಮ್ಮನ ಒಣಮೀನು ಚಪ್ಪರಿಸಿದ್ದ ಉಳಿದವರೆಲ್ಲ ಮೊಬೈಲ್ ನೋಡುತ್ತ ಕುಳಿತರು. ನನಗೆ ಮೈಯೆಲ್ಲ ಉರಿಯಿತು. ಆದರೆ ಬರೆದುಕೊಳ್ಳುವವಳು ಬಾಯಿ ಹಾಕಬಾರದೆಂಬ ರೂಢಿ. ಈ ದೂರುಗಳು ದಾಖಲಾಗಲಿ, ಮುಂದಿನ ತಿಂಗಳು ಮಿನಿಟ್ಸ್ ಒಪ್ಪಿಕೊಂಡು ಅದರ ಮೇಲೆ ಓಟು ಹಾಕೋಣ ಎಂದು ಅಧ್ಯಕ್ಷರು ಮುಗಿಸಿದರು.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಅಮ್ಮ ಸೀರೆ ಮಡಚಿಟ್ಟು ಕುಳಿತಿದ್ದಳು.

"ನಾನು ತಮ್ಮನ ಮನೆಗೆ ಹೋಗ್ತೇನೆ. ನನ್ನಿಂದಾಗಿ ನಿನಗೆ ಎಂತಕ್ಕೆ ಮಾತು?"

ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಓಟಾಗುವವರೆಗೆ ನಿಲ್ಲು ಎಂದು ಕೈಹಿಡಿದು ಬೇಡಿಕೊಂಡೆ. ಓಟಾದರೆ ಸೋಲುವುದು ಖಂಡಿತವೆಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಮಿನಿಟ್ಸ್ ಬರೆಯಲು ಕುಳಿತೆ. ಅಧ್ಯಕ್ಷರ ಮಾತು ಬಂತು. ಅಧ್ಯಕ್ಷರು ಎಂದೇ ಬರೆಯುವಂತಿಲ್ಲ. ಹುದ್ದೆಯೂ ಹೆಸರಿನ ಹಾಗೆಯೇ ಎಂದು ನಿಯಮ ಮಾಡಿದವರು ಅವರೇ. ಗಲ್ಫಿನಿಂದ ಬಂದ ಸದಸ್ಯರು ಎಂದರೆ ಅಂಥವರು ಮಹಡಿಗೊಬ್ಬರಿದ್ದಾರೆ. ಅವರೊಬ್ಬರಿಗೇ ಸೇರಿದ ಸಂಗತಿ ಯಾವುದೆಂದು ಹುಡುಕುತ್ತಿದ್ದಾಗ ಹಿಂದಿನ ಮೇ ತಿಂಗಳು ನೆನಪಾಯಿತು. ದುಬೈಯ ಮಗಳು ಹಟ ಹಿಡಿದಿದ್ದಾಳೆಂದು ಅವರೇ ನಮ್ಮ ಬಾಗಿಲಿಗೆ ಬಂದು ಒಣಸಿಗಡಿ ಕೇಳಿದ್ದರು. ಪೆಟ್ಟಿಗೆಗೆ ವಾಸನೆ ಹತ್ತಬಾರದೆಂದು ಅಮ್ಮ ಕವರಿನ ಮೇಲೆ ಕವರು ಸುತ್ತಿ ಕೊಟ್ಟಿದ್ದಳು. ನಗು ಬಂತು. ಇಂಗ್ಲಿಷಿನಲ್ಲಿ ಸದಸ್ಯರನ್ನು ಮೊದಲು ನಿಲ್ಲಿಸಿದೆ, ಬಾಲ ಕಟ್ಟಿದೆ, ಮಾತು ಬರೆದೆ. ಕನ್ನಡದಲ್ಲಿ ಅದು ಹೀಗಾಗುತ್ತದೆ: ಕಳೆದ ಬೇಸಿಗೆಯಲ್ಲಿ ಇದೇ ಟೆರೇಸಿನಲ್ಲಿ ಒಣಗಿದ ಸಿಗಡಿಯನ್ನು ಕೇಳಿ ಪಡೆದು ದುಬೈಗೆ ಕಳಿಸಿದ ಸದಸ್ಯರು, ಅದರ ವಾಸನೆ ತಡೆಯಲಾಗುವುದಿಲ್ಲವೆಂದು ಹೇಳಿದರು. ಹುರುಪು ಏರಿತ್ತು, ಇನ್ನೊಂದನ್ನೂ ಬರೆದೆ: ದಿನಾ ಬೆಳಿಗ್ಗೆ ಟೆರೇಸಿನಲ್ಲಿ ಕಾಗೆಗಳಿಗೆ ಅನ್ನ ಹಾಕುವ ಸದಸ್ಯೆ, ಮೀನಿನಿಂದಾಗಿ ಕಾಗೆಗಳು ಹೆಚ್ಚಾಗಿವೆಯೆಂದು ಹೇಳಿದರು. ಒಂದಕ್ಷರವೂ ಸುಳ್ಳಿಲ್ಲ.

ಮೇ ಮೀಟಿಂಗು ಎಂದಿನಂತೆ ಕೆಳಗಿನ ಪಾರ್ಕಿಂಗಿನಲ್ಲಿ ನಡೆಯಿತು. ಅಮ್ಮ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಕ್ಲಾಸಿನಲ್ಲಿ ಓದುವ ಹಾಗೆ ನಿಧಾನವಾಗಿ, ಸ್ಪಷ್ಟವಾಗಿ ಓದಿದೆ. ಸಿಗಡಿಯ ಸಾಲಿಗೆ ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿ. ಕಾಗೆಯ ಸಾಲು ಬರುವಷ್ಟರಲ್ಲಿ ಪಾರ್ಕಿಂಗಿಡೀ ನಗುತ್ತಿತ್ತು.

"ಆ ಸಿಗಡಿ ವಿಷಯ ತೆಗೆಯಿರಿ ಟೀಚರ್," ಎಂದರು ಅಧ್ಯಕ್ಷರು. "ನಾನು ಹೇಳಿದ್ದು ಮಾತ್ರ ಇರಲಿ."

"ಯಾರು ಹೇಳಿದ್ದು ಅಂತ ಇರ್ಬೇಕಲ್ಲ ಸರ್, ನೀವೇ ಮಾಡಿದ ರೂಲ್. ಬರೆದದ್ದರಲ್ಲಿ ತಪ್ಪು ಉಂಟಾ?"

"ತಪ್ಪೆಂತ ಇಲ್ಲ."

"ಹಾಗಾದ್ರೆ ಅರ್ಧ ತೆಗೀಲಿಕ್ಕೆ ಆಗುದಿಲ್ಲ. ಬೇಕಾದ್ರೆ ಪೂರ್ತಿ ತೆಗೀತೇನೆ."

ಹೆಂಡತಿ ಅವರ ಕಿವಿಯಲ್ಲಿ ಕೊಂಕಣಿಯಲ್ಲಿ ಏನೋ ಹೇಳಿದರು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ, ಪೂರ್ತಿ ತೆಗೆಯಿರಿ ಮಾರಾಯ್ತಿ ಎಂದು ಕೈಬೀಸಿದರು. ಎದುರು ಮನೆಯಾಕೆಯೂ ತಮ್ಮದನ್ನು ತೆಗೆಸಿದರು. ಎರಡು ಸಾಲಿನ ಮೇಲೂ ಗೆರೆ ಎಳೆದೆ. ದೂರೇ ಇಲ್ಲದ ಮೇಲೆ ಓಟು ಯಾತಕ್ಕೆ? ಒಂಬತ್ತನೇ ಕ್ಲಾಸಿನ ಪಾಠಕ್ಕೆ ಇಷ್ಟು ಬಲವಿದೆಯೆಂದು ಅಷ್ಟು ವರ್ಷ ಕಲಿಸಿದ ನನಗೇ ಗೊತ್ತಿರಲಿಲ್ಲ. ಎದ್ದು ಕುಣಿಯುವಷ್ಟು ಖುಷಿಯಾಗಿತ್ತು.

ಅಷ್ಟರಲ್ಲಿ ಅಮ್ಮ ಮೆಟ್ಟಿಲಿನಿಂದ ಎದ್ದಳು. ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಕರೆಯುವಂತೆ ಅಧ್ಯಕ್ಷರನ್ನು ಪೊರ್ಬುಲು ಎಂದೇ ಕರೆಯುವುದು ಅವಳ ರೂಢಿ.

"ಪೊರ್ಬುಲೇ, ಈ ಸಲ ಬಿಸಿಲು ಒಳ್ಳೇದುಂಟು. ಮಗಳಿಗೆ ಕಳಿಸ್ಲಿಕ್ಕೆ ಇಲ್ವಾ?"

ಅದರಲ್ಲಿ ಕೊಂಕು ಇರಲಿಲ್ಲ. ಗಿರಾಕಿಯನ್ನು ವಿಚಾರಿಸುವ ಹಳೆಯ ದನಿಯಿತ್ತು, ಪಾರ್ಕಿಂಗಿನ ಆಚೆ ಬದಿಗೂ ಕೇಳುವಂಥ ದನಿ. ಅವರು ತಲೆ ತಗ್ಗಿಸಿ ಉಂಟು ಎಂದರು. ನಮಗೂ, ನಮಗೂ ಎಂದು ಅಂದು ಮೊಬೈಲ್ ನೋಡುತ್ತ ಕುಳಿತಿದ್ದವರೆಲ್ಲ ಕೈಯೆತ್ತಿದರು. ನನ್ನ ಕಣ್ಣು ತುಂಬಿತು, ಮರೆಮಾಚಲಿಲ್ಲ.

ಅಮ್ಮನ ಮಾತನ್ನೂ ಮಿನಿಟ್ಸಿಗೆ ಬರೆಯಬೇಕಿತ್ತು. ಫ್ಲ್ಯಾಟು ನನ್ನ ಹೆಸರಿನಲ್ಲಿರುವುದರಿಂದ ಲೆಕ್ಕಕ್ಕೆ ಅವಳು ಸದಸ್ಯೆಯಲ್ಲ. ಬರೆಯುವವಳು ನಾನು ತಾನೆ? ನಮಗೆಲ್ಲ ಮೀನು ಒಣಗಿಸಿಕೊಡುವ ಸದಸ್ಯೆ, ಈ ಸಲ ಬಿಸಿಲು ಚೆನ್ನಾಗಿದೆಯೆಂದು ಹೇಳಿದರು ಎಂದು ಇಂಗ್ಲಿಷಿನಲ್ಲಿ ಬರೆದೆ.

ಜೂನ್ ಮೀಟಿಂಗಿನಲ್ಲಿ ಅದನ್ನು ಓದುವಾಗ ಅಮ್ಮ ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಸದಸ್ಯೆ ಎಂಬಲ್ಲಿಗೆ ಬಂದಾಗ ಅಧ್ಯಕ್ಷರು ತಲೆಯೆತ್ತಿ ನನ್ನನ್ನು ನೋಡಿದರು, ಅವಳನ್ನು ನೋಡಿದರು, ಆಕ್ಷೇಪ ಯಾರದಾದರೂ ಇದೆಯೇ ಎಂದು ಕೇಳಿದರು. ಯಾರದೂ ಇರಲಿಲ್ಲ. ಸಹಿ ಹಾಕಿದರು.

ಅಮ್ಮ ಕೈಯೆತ್ತಿದಳು. ನೀರಿನ ಟ್ಯಾಂಕ್ ತೊಳೆಯುವ ಬಗ್ಗೆ ತನಗೆ ಹೇಳಲಿಕ್ಕೆ ಉಂಟು ಎಂದಳು.

ಅಧ್ಯಕ್ಷರು ಪೆನ್ನು ಮುಚ್ಚಿ, "ಹೇಳಿ, ಮೆಂಬರೇ," ಎಂದರು.