ಎದುರು ಪದದ ಗೌರಮ್ಮ

ಗೌರಮ್ಮನವರು ನಮ್ಮ ಲಿಫ್ಟಿನಲ್ಲಿ ಮೆಲ್ಲಗೆ ಮಾತಾಡಿದರೂ ಎಂಟನೆಯ ಮಹಡಿಯವರು ಬಾಗಿಲು ತೆರೆದು ‘ಯಾರು?’ ಎನ್ನುತ್ತಿದ್ದರು. ರಾಗಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ ಗಂಟಲು ಅದು. ಆ ಹೊಲವೂ ನಮ್ಮ ಅಪಾರ್ಟ್‌ಮೆಂಟು ನಿಂತ ಈ ಜಾಗವೇ. ಜಕ್ಕೂರಿನ ತಮ್ಮ ಜಮೀನನ್ನು ಬಿಲ್ಡರಿಗೆ ಕೊಟ್ಟು, ಪಾಲಿಗೆ ಬಂದ ಫ್ಲ್ಯಾಟಿನಲ್ಲಿ ಮಗ ಸೊಸೆಯ ಜೊತೆ ಇದ್ದರು. ಸ್ವಂತ ಹೊಲದಲ್ಲಿ ಗಟ್ಟಿಯಾಗಿ ಮಾತಾಡಿದ ತಪ್ಪಿಗೆ ಅಸೋಸಿಯೇಷನ್ನಿನ ನೋಟಿಸು ಪಡೆದ ರೈತ ಮಹಿಳೆ ಅವರೊಬ್ಬರೇ ಇರಬೇಕು.

ಮದುವೆಗಳಲ್ಲಿ ಬೀಗರ ಪದ ಹಾಡುವುದರಲ್ಲಿ ಅವರದು ದೊಡ್ಡ ಹೆಸರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಜರಿಯಬೇಕು; ಅವರು ಹಾಡಿನಲ್ಲೇ ತಿರುಗಿ ಕೊಡಬೇಕು. ಎದುರು ಪದ ಹೊಳೆಯದೆ ಬಾಯಿ ಕಟ್ಟಿದವರು ಗೆದ್ದವರ ಕೈಗೆ ಎಲೆ ಅಡಿಕೆ ಕೊಡುವುದು ಈ ಪದದ ಕಟ್ಟಳೆ. ಗೌರಮ್ಮನವರಿಗೆ ಎದುರು ಹಾಡುತ್ತಿದ್ದ ಬೀಗಿತ್ತಿ ಲಕ್ಕಮ್ಮ ತೀರಿಕೊಂಡ ಮೇಲೆ ಇವರೂ ಹಾಡು ಬಿಟ್ಟರು.

“ಈಗ ಮದ್ವೆ ಮನೇಲಿ ಡಿಜೆ ಐತೆ ಕಣವ್ವ. ಅದುನ್ನ ಬೈದ್ರೆ ಅದೇನ್ ತಿರುಗಿ ಬೈತದಾ?” ಎನ್ನುತ್ತಿದ್ದರು. ಮನೆ ತುಂಬ ಜನರಿದ್ದರು, ಎದುರಾಳಿ ಇರಲಿಲ್ಲ. ಆ ಕೊರಗು ಅವರನ್ನು ಒಳಗೇ ತಿನ್ನುತ್ತಿತ್ತು.

ಪ್ರತಿ ನವೆಂಬರಿನಲ್ಲಿ ಉಕ್ಕಿ ಡಿಸೆಂಬರಿನಲ್ಲಿ ಇಳಿದುಹೋಗುವ ಜಾನಪದ ಪ್ರೇಮವೊಂದು ನಮ್ಮ ಅಸೋಸಿಯೇಷನ್ನಿಗೆ ಇದೆ. ರಾಜ್ಯೋತ್ಸವಕ್ಕೆ ಹಾಡಲು ಗೌರಮ್ಮನವರನ್ನು ನಾನೇ ಕಾಡಿ ಬೇಡಿ ಒಪ್ಪಿಸಿದೆ. ನೋಟಿಸಿಗೆ ಸಹಿ ಹಾಕಿದ ಕೈಯಿಂದಲೇ ಅಧ್ಯಕ್ಷರು ಶಾಲು ಹೊದಿಸಿದರು. ಗೌರಮ್ಮ ಆ ಅಧ್ಯಕ್ಷರನ್ನೇ ಬೀಗನೆಂದು ಆರಿಸಿಕೊಂಡು ಪದ ಎತ್ತಿದರು:

‘ಲಿಫ್ಟತ್ತಿ ಬಂದವ್ನೆ ಠೀವೀಲಿ ನಮ್ಮ ಬೀಗ
ಹೊಟ್ಟೆ ಮುಂದಾಗಿ ಇಳುದೈತೆ, ಬೀಗಪ್ಪ
ಹಿಂದ್ಲಿಂದ ನೀನು ಬಾರಯ್ಯ!’

ಅಧ್ಯಕ್ಷರು ಭಕ್ತಿಯಿಂದ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೌರಮ್ಮನವರ ಮುಖ ಸಪ್ಪಗಾಯಿತು.

“ಇದೇನವ್ವ, ಇಷ್ಟು ಬೈದ್ರೂ ಚಪ್ಪಾಳೆ ಒಡೀತಾರೆ! ಇವ್ರಿಗೆ ಮಾನ ಮರ್ವಾದೆ ಇಲ್ವಾ?” ಎಂದು ನನ್ನ ಕಿವಿಯಲ್ಲಿ ಕೇಳಿದರು. ಅವರ ಪಿಸುಮಾತಾದ್ದರಿಂದ ಎಲ್ಲರಿಗೂ ಕೇಳಿಸಿತು.

ಆಗ ಊಟದ ಮೇಜಿನ ಕಡೆಯಿಂದ ಸ್ಟೀಲ್ ಡಬರಿಯ ಮೇಲೆ ಚಮಚದ ತಾಳ ಕೇಳಿಬಂತು. ಮೂರನೆಯ ಮಹಡಿಯ ನೂರ್‌ಜಹಾನ್ ಆಂಟಿ! ಗಂಡ ಹೋದ ಮೇಲೆ ಯಾರೊಡನೆಯೂ ಎರಡು ಮಾತು ಆಡದಿದ್ದವರು. “ಸಮ್ದನ್ ಆಯೀ, ಚಮ್ಚೇ ಗಿನ್‌ಕೋ ರಖೋ!” ಎಂದು ಹಾಡಿದರು. ಬೀಗಿತ್ತಿ ಬಂದಳು, ಚಮಚ ಎಣಿಸಿಡಿ ಎಂದರ್ಥ. ಅವರ ಮದುವೆಗಳಲ್ಲೂ ಹೆಂಗಸರು ಡೋಲಕ್ ಹಿಡಿದು ಹೀಗೇ ಬೈಯುತ್ತಾರಂತೆ. ಗೌರಮ್ಮನವರಿಗೆ ಆಂಟಿಯ ದಖನಿ ಉರ್ದುವಿನ ಒಂದಕ್ಷರವೂ ಬಾರದು. ಆದರೆ ಬೈಗುಳವೆಂಬುದು ಚೆನ್ನಾಗಿ ಅರ್ಥವಾಯಿತು.

“ನನ್ನೇ ಬೈತಾವ್ಳೆ ಇವ್ಳು! ಬಾರೇ ಬೀಗಿತ್ತಿ, ಬಾ!” ಎಂದು ಸೆರಗು ಸಿಕ್ಕಿಸಿದರು. ಅಷ್ಟು ಸಂತೋಷದ ಮುಖವನ್ನು ನಾನು ಅವರಲ್ಲಿ ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಭಾನುವಾರದ ಸಂಜೆಗಳೆಲ್ಲ ಇವರಿಬ್ಬರ ಪಾಲಾದವು. ಎ ಬ್ಲಾಕು ಹೆಣ್ಣಿನ ಕಡೆ, ಬಿ ಬ್ಲಾಕು ಗಂಡಿನ ಕಡೆ. ಟ್ಯಾಂಕರ್ ನೀರಿಗೆ ವಾಟ್ಸಾಪಿನಲ್ಲಿ ಕಚ್ಚಾಡುತ್ತಿದ್ದವರು ಎದುರುಬದುರು ಕೂತು ಕಚ್ಚಾಡಿ, ನಕ್ಕು ಮನೆಗೆ ಹೋಗತೊಡಗಿದರು. ಇಬ್ಬರಲ್ಲಿ ಯಾರೂ ಸೋಲುತ್ತಿರಲಿಲ್ಲವಾದ್ದರಿಂದ, ಸೋತವರು ಕೊಡಲೆಂದು ನಡುವೆ ಇಟ್ಟ ತಟ್ಟೆಯಲ್ಲಿನ ಎಲೆ ಅಡಿಕೆ ಹಾಗೇ ಬಾಡುತ್ತಿತ್ತು. ನನ್ನ ತಾಯಿ ತೀರಿಕೊಂಡು ನಾನು ಬಾಗಿಲು ಹಾಕಿಕೊಂಡು ಕೂತಿದ್ದಾಗ, ಇಬ್ಬರೂ ಬಂದು ನನ್ನನ್ನು ಎಳೆದೊಯ್ದು ನಡುವೆ ಕೂರಿಸಿ ನನ್ನ ಅಡುಗೆಯನ್ನು ಎರಡು ಭಾಷೆಯಲ್ಲಿ ಜರಿದರು. ನಾನು ಅಳುತ್ತಲೇ ನಕ್ಕುಬಿಟ್ಟೆ. ಆ ಉಪಕಾರವನ್ನು ಮರೆಯಲಾರೆ.

ಕಳೆದ ಬೇಸಿಗೆಯಲ್ಲಿ ಗೌರಮ್ಮ ಮಲಗಿದಲ್ಲೇ ಹೋಗಿಬಿಟ್ಟರು. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಅವರನ್ನು ಮಲಗಿಸಿದಾಗ ಅಧ್ಯಕ್ಷರು ಮೌನಾಚರಣೆ ಘೋಷಿಸಿದರು. ಗೌರಮ್ಮನವರಿಗೆ ಮೌನ!

“ಬದುಕಿದ್ದಾಗ ಕೊಟ್ರಲ್ಲ ನೋಟಿಸು, ಸಾಕಾಗ್ಲಿಲ್ವಾ?” ಎಂದು ನೂರ್‌ಜಹಾನ್ ಆಂಟಿ ಮುಂದೆ ಬಂದರು. ಪಕ್ಕದಲ್ಲಿ ಕೂತು ಹಾಡಿದರು. ಅದೇ ಹಳೆಯ ಬೈಗುಳ: ಬೀಗಿತ್ತಿ ಬಂದಳು, ಚಮಚ ಎಣಿಸಿಡಿ. ಹಾಡಿ ಮುಗಿಸಿ, ವಾಡಿಕೆಯಂತೆ ಎದುರು ಪದಕ್ಕೆ ಕಾದರು. ನಾವೆಲ್ಲರೂ ಕಾದೆವು.

ಕಟ್ಟಳೆಯ ಪ್ರಕಾರ ಅಂದು ಗೆದ್ದವರು ಆಂಟಿಯೇ. ಆದರೂ ತಲೆಯ ಬಳಿ ಇಟ್ಟಿದ್ದ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಗೌರಮ್ಮನವರ ಕೈಯೊಳಗಿಟ್ಟು, ಬೆರಳು ಮಡಿಸಿದರು.

“ತಗೋ ಬೀಗಿತ್ತಿ. ಸೋತಿದ್ದು ನಾನೇ.”